ಹದಿನೈದನೆಯ ಆಯ್ಕೆ: ಇತರೆ

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನ ಬಿ.ಎ. ಸಮಾಜಶಾಸ್ತ್ರಕ್ಕೆ ಈ ವರ್ಷ ಬಂದ ಅರ್ಜಿಗಳ ಸಂಖ್ಯೆ ಸೊನ್ನೆ. ಆದ್ದರಿಂದ ಆ ವಿಭಾಗವನ್ನು ಮುಚ್ಚಲಾಗುವುದು. ಹೀಗೆಂದು ಜೂನ್ ನಾಲ್ಕರಂದು ವರದಿ ಮಾಡಿದ್ದು ಚೆನ್ನೈನ ಒಂದು ಇಂಗ್ಲಿಷ್ ದಿನಪತ್ರಿಕೆ, ಐದನೆಯ ಪುಟದಲ್ಲಿ, ಏ.ಸಿ. ಯಂತ್ರಗಳ ರಿಯಾಯಿತಿ ಜಾಹೀರಾತಿನ ಕೆಳಗೆ, ಆರು ಸಾಲುಗಳಲ್ಲಿ. ವರದಿಗೆ ಆಧಾರ ನಿಮ್ಮದೇ ಸುತ್ತೋಲೆ. ಅದರ ಪ್ರತಿ ನನ್ನ ಬಳಿಯೂ ಇದೆ, ಏಕೆಂದರೆ ನನ್ನ ಮಗಳು ಸುಮೇಧಾ ಅದೇ ವಿಭಾಗದಲ್ಲಿ ಎರಡನೆಯ ವರ್ಷ ಮುಗಿಸಿದ್ದಾಳೆ. ಅವಳನ್ನೂ ಅವಳ ಜೊತೆಯ ಹತ್ತು ಮಂದಿಯನ್ನೂ ಮೂರನೆಯ ವರ್ಷಕ್ಕೆ ‘ಮಾನವ ಸಂಪನ್ಮೂಲ ನಿರ್ವಹಣೆ’ ವಿಭಾಗಕ್ಕೆ ವರ್ಗಾಯಿಸಲಾಗುವುದೆಂದು ಸುತ್ತೋಲೆಯ ಎರಡನೆಯ ಪುಟದಲ್ಲಿದೆ. ಮನುಷ್ಯರು ಹೀಗೇಕಿದ್ದಾರೆ ಎಂದು ಎರಡು ವರ್ಷ ಕೇಳಿದ ಮಕ್ಕಳು ಮೂರನೆಯ ವರ್ಷ ಆ ಮನುಷ್ಯರಿಗೆ ಹಾಜರಿ ಹಾಕುವುದನ್ನು ಕಲಿಯಲಿ ಎಂಬುದು ನಿಮ್ಮ ಆಶಯವಿರಬೇಕು.

ನಿಮ್ಮ ಆಶಯದ ಬಗ್ಗೆ ಆಮೇಲೆ ಮಾತಾಡೋಣ. ನನಗೆ ಮೊದಲು ತಕರಾರಿರುವುದು ಆ ಸೊನ್ನೆಯ ಬಗ್ಗೆ. ನಾನು ಮೂವತ್ತೊಂದು ವರ್ಷ ವಿಮಾ ಕಚೇರಿಯಲ್ಲಿ ಜನ ತುಂಬಿಕೊಟ್ಟ ಅರ್ಜಿಗಳನ್ನು ಪರಿಶೀಲಿಸಿದವಳು. ಒಂದು ಕಾಲಂನಲ್ಲಿ ಎಲ್ಲರ ಉತ್ತರವೂ ಒಂದೇ ಆಗಿ ಬಂದರೆ ಜನರನ್ನು ಅನುಮಾನಿಸುವ ಮೊದಲು ಫಾರಂ ತೆಗೆದು ನೋಡು ಎಂದು ನನ್ನ ಮೊದಲ ಮೇಲಧಿಕಾರಿ ಹೇಳಿಕೊಟ್ಟಿದ್ದರು. ನಾನು ನಿಮ್ಮ ಪ್ರವೇಶದ ಫಾರಂ ತೆಗೆದು ನೋಡಿದೆ. ಕಂಪ್ಯೂಟರಿನ ಪರದೆಯ ಮೇಲೆ ಹದಿನಾಲ್ಕು ವಿಷಯಗಳ ಪಟ್ಟಿ ತೆರೆದುಕೊಂಡಿತು. ಕಾರ್ಪೊರೇಟ್ ಸೆಕ್ರೆಟರಿಶಿಪ್ ಎರಡು ಸಲ ಇತ್ತು, ಬೆಳಗಿನ ಪಾಳಿ ಮತ್ತು ಸಂಜೆಯ ಪಾಳಿ. ಸಮಾಜಶಾಸ್ತ್ರ ಒಂದು ಸಲವೂ ಇರಲಿಲ್ಲ. ಹದಿನೈದನೆಯದು ‘ಇತರೆ’. ಅದರ ಪಕ್ಕದಲ್ಲಿ ಬರೆಯಲು ಒಂದು ಪುಟ್ಟ ಚೌಕ. ನಾನು ಇಂಗ್ಲಿಷಿನಲ್ಲಿ ಸೋಷಿಯಾಲಜಿ ಎಂದು ಟೈಪ್ ಮಾಡಿದೆ. ಒಂಬತ್ತು ಅಕ್ಷರಗಳ ಆ ಪದ ಎಂಟನೆಯ ಅಕ್ಷರಕ್ಕೇ ನಿಂತಿತು. ಚೌಕಕ್ಕೆ ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲವಂತೆ.

ಹೋಟೆಲಿನವರು ಬೋರ್ಡಿನಿಂದ ಪೊಂಗಲ್ ಅಳಿಸಿ, ಸಂಜೆ ಲೆಕ್ಕ ಹಾಕಿ, ಈ ಊರಿನಲ್ಲಿ ಪೊಂಗಲ್ ತಿನ್ನುವವರೇ ಇಲ್ಲ ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟರೆ ನೀವು ನಗುತ್ತೀರೋ ಇಲ್ಲವೋ? ಬೇಕೆಂದೇ ಹೀಗೆ ಮಾಡಿದ್ದೀರಿ ಎಂದು ನಾನು ಹೇಳುವುದಿಲ್ಲ, ಪುರಾವೆ ನನ್ನ ಬಳಿ ಇಲ್ಲ. ಬೇಕೆಂದು ಮಾಡುವುದಕ್ಕೆ ಒಂದಿಷ್ಟು ಯೋಚನೆ ಬೇಕು. ನಿಮ್ಮ ಫಾರಂ ನೋಡಿದ ಮೇಲೆ ಆ ಆರೋಪ ಹೊಗಳಿಕೆಯಂತೆ ಕೇಳಿಸುತ್ತದೆ.

‘ಇತರೆ’ ಎಂಬ ಪದದ ಜೊತೆ ನಮ್ಮ ಮನೆಗೆ ಹಳೆಯ ಪರಿಚಯ. ನನ್ನ ತಂದೆ ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದವರು. ನನ್ನನ್ನು ಶಾಲೆಗೆ ಸೇರಿಸುವಾಗ ಮಾತೃಭಾಷೆಯ ಕಾಲಂನಲ್ಲಿ ತಮಿಳು, ತೆಲುಗು, ಮಲಯಾಳಂ, ಉರ್ದು, ಹಿಂದಿ ಇದ್ದವು. ಅಪ್ಪ ‘ಇತರೆ’ಗೆ ಗುರುತು ಹಾಕಿದರು. ಸುಮೇಧಾಳನ್ನು ಸೇರಿಸುವಾಗ ನಾನೂ ಹಾಕಿದೆ. ಅವಳು ಈಗ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾಳೆ, ಜಗಳವಾಡುವಾಗ ಮಾತ್ರ ಕನ್ನಡ. ಆದ್ದರಿಂದ ಮನೆಯಲ್ಲಿ ಕನ್ನಡ ಚೆನ್ನಾಗಿಯೇ ಉಳಿದಿದೆ.

ಅವಳು ಸಮಾಜಶಾಸ್ತ್ರ ಓದುತ್ತೇನೆ ಎಂದಾಗ ನಾನು ನಿಮ್ಮ ಪಕ್ಷದಲ್ಲೇ ಇದ್ದೆ. ಬಿ.ಕಾಂ. ಮಾಡೇ, ಬ್ಯಾಂಕ್ ಪರೀಕ್ಷೆಗಾದರೂ ಆಗುತ್ತದೆ ಎಂದಿದ್ದೆ. ನನ್ನ ಮೈದುನ ಕಿಟ್ಟು ಸುದ್ದಿ ಕೇಳಿ ಮನೆಗೇ ಬಂದ, ದುಃಖ ವಿಚಾರಿಸುವವರ ಹಾಗೆ.

“ಯಾಕೆ ಅತ್ತಿಗೆ, ಮಾರ್ಕ್ಸ್ ಕಮ್ಮಿ ಬಂತಾ?”

“ತೊಂಬತ್ತೊಂದು ಪರ್ಸೆಂಟ್.”

“ಅಷ್ಟು ಬಂದು ಈ ಶಿಕ್ಷೆ ಯಾಕೆ? ಇದನ್ನ ಓದಿ ಏನಾಗ್ತಾಳೆ, ಅಪಾರ್ಟ್‌ಮೆಂಟ್ ಸೊಸೈಟಿಗೆ ಸೆಕ್ರೆಟರಿನಾ?”

ಸುಮೇಧಾ ಒಳಗಿನಿಂದಲೇ ಕೂಗಿದಳು, ಕನ್ನಡದಲ್ಲಿ: “ಚಿಕ್ಕಪ್ಪಾ, ಹದಿನಾಲ್ಕು ವರ್ಷದಿಂದ ನೀವೇ ಸೆಕ್ರೆಟರಿ. ಓದದೇ ಆದ್ರೆ ಹೇಗಿರತ್ತೆ ಅಂತ ನೋಡ್ತಾನೇ ಇದೀವಲ್ಲ!”

ಕಿಟ್ಟು ಕಾಫಿ ಕುಡಿದು ಹೋದ. ನಾನು ನಕ್ಕೆ, ಆದರೆ ಒಪ್ಪಲಿಲ್ಲ. ಒಪ್ಪಿದ್ದು ಕಳೆದ ವರ್ಷ, ಪಲ್ಲಾವರಂ ಶುಕ್ರವಾರದ ಸಂತೆಯಿಂದಾಗಿ.

ಅಲ್ಲಿನ ಮೂವತ್ತು ಮಂದಿಯ ಉದ್ಯೋಗದ ಬಗ್ಗೆ ಮಾಹಿತಿ ತರಬೇಕೆಂದು ಶಾಲಿನಿ ಮೇಡಂ, ನೀವು ಮುಚ್ಚಲು ಹೊರಟಿರುವ ವಿಭಾಗದ ಅಧ್ಯಾಪಕಿ, ಮಕ್ಕಳನ್ನು ಕಳಿಸಿದ್ದರು. ಸುಮೇಧಾಳ ಫಾರಂನಲ್ಲಿ ವ್ಯಾಪಾರ, ಕೂಲಿ, ಇತರೆ ಎಂದು ಮೂರು ಕಾಲಂ. ಮೂವತ್ತರಲ್ಲಿ ಇಪ್ಪತ್ತೆರಡಕ್ಕೆ ‘ಇತರೆ’ ಹಾಕಿಕೊಂಡು ಎರಡೇ ಗಂಟೆಯಲ್ಲಿ ಮನೆಗೆ ಬಂದಳು. ಮೇಡಂ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದು ಹಿಂದಕ್ಕೆ ಕೊಟ್ಟರು: “ಇತರೆ ಎಂದರೆ ನೀನು ಕೇಳಲಿಲ್ಲ ಎಂದರ್ಥ.”

ಮುಂದಿನ ಶುಕ್ರವಾರ ಮತ್ತೆ ಹೋದಳು. ಹಳೆಯ ಟಿ.ವಿ. ರಿಮೋಟುಗಳನ್ನು ಗುಡ್ಡೆ ಹಾಕಿಕೊಂಡು ಕೂರುವ ಒಬ್ಬ ಹೆಂಗಸು ಇವಳನ್ನು ಗುರುತು ಹಿಡಿದು ತಮಿಳಿನಲ್ಲಿ ಗದರಿದಳಂತೆ: “ಹೋದ ವಾರ ಬಂದವಳು ನೀನೇ ಅಲ್ವಾ? ಏನೂ ಕೇಳದೆ ಗೀಟು ಹಾಕ್ಕೊಂಡು ಹೋದೆ!” ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು. ಜನ ಕೆಟ್ಟ ರಿಮೋಟ್ ತರುತ್ತಾರೆ, ಈಕೆ ಗುಡ್ಡೆಯಿಂದ ಅದಕ್ಕೆ ಒಪ್ಪುವುದನ್ನು ಹುಡುಕಿಕೊಡುತ್ತಾಳೆ. ಕಣ್ಣು ಮುಚ್ಚಿ, ಕೈಯಲ್ಲಿ ತೂಗಿ, ಯಾವ ಕಂಪನಿಯದೆಂದು ಹೇಳುತ್ತಾಳೆ. ಹಾಗಾದರೆ ವ್ಯಾಪಾರ ಎಂದು ಬರೆಯಲೇ ಎಂದರೆ ಬೇಡ ಎಂದಳು. ಮಾರುವವರು ಬೇರೆ, ತಾನು ಜೋಡಿ ಹುಡುಕುವವಳು ಎಂದಳು. ಸುಮೇಧಾ ಆಕೆಯೊಬ್ಬಳ ಬಗ್ಗೆಯೇ ನಾಲ್ಕು ಪುಟ ಬರೆದಳು. ನಾನು ಓದಿದೆ. ನನ್ನ ಮೂವತ್ತೊಂದು ವರ್ಷದಲ್ಲಿ ಇಂಥ ಎಷ್ಟು ಹೆಂಗಸರ ಉದ್ಯೋಗದ ಮುಂದೆ ನಾನೇ ‘ಇತರೆ’ ಬರೆದು ಮುಂದಿನ ಫಾರಂಗೆ ಹೋಗಿದ್ದೆನೋ ಗೊತ್ತಿಲ್ಲ. ಮೂರನೆಯ ವರ್ಷದ ಪ್ರಬಂಧಕ್ಕೆ ಸುಮೇಧಾ ಆರಿಸಿಕೊಂಡಿರುವುದು ಆ ಸಂತೆಯ ಇಪ್ಪತ್ತೆರಡು ಮಂದಿಯನ್ನೇ. ನಿಮ್ಮ ಸುತ್ತೋಲೆ ಜಾರಿಯಾದರೆ ಆ ಪ್ರಬಂಧವಿಲ್ಲ.

ಈಗ ಮತ್ತೆ ನಿಮ್ಮ ಸೊನ್ನೆಗೆ ಬರೋಣ. ನಮ್ಮ ಪಕ್ಕದ ಮನೆಯ ಶ್ರೀಪ್ರಿಯಾ ಈ ವರ್ಷ ಸಮಾಜಶಾಸ್ತ್ರ ಬೇಕೆಂದು ‘ಇತರೆ’ ಆರಿಸಿ, ಚೌಕದಲ್ಲಿ ಹಿಡಿಸಿದಷ್ಟು ಬರೆದು, ಅರ್ಜಿ ಕಳಿಸಿದ್ದಳು. ಅವಳ ಫೋನಿಗೆ ಬಂದ ಸಂದೇಶ: ನಿಮಗೆ ಕಾರ್ಪೊರೇಟ್ ಸೆಕ್ರೆಟರಿಶಿಪ್, ಬೆಳಗಿನ ಪಾಳಿ, ಅಭಿನಂದನೆಗಳು. ಅವಳನ್ನು ಕರೆದುಕೊಂಡು ನಿಮ್ಮ ಸಹಾಯ ಕೇಂದ್ರಕ್ಕೆ ಹೋದೆ. ಅಲ್ಲಿನ ನೌಕರರು ಸಭ್ಯರು. ಮಾತು ತಮಿಳಿನಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

“ಇತರೆ ಅಂತ ಬಂದದ್ದನ್ನ ಏನು ಮಾಡ್ತೀರಪ್ಪಾ?”

“ನಾವೇನೂ ಮಾಡಲ್ಲಮ್ಮಾ. ಸಿಸ್ಟಮ್ಮೇ ಸೀಟು ಖಾಲಿ ಇರೋ ಕಡೆ ಕಳಿಸಿಬಿಡತ್ತೆ.”

“ಪಕ್ಕದಲ್ಲಿ ಬರೆದಿದ್ದನ್ನ ಓದಲ್ವಾ?”

“ಎಂಟು ಅಕ್ಷರದಲ್ಲಿ ಓದೋಕೆ ಏನಿರತ್ತಮ್ಮಾ?”

ನ್ಯಾಯವಾದ ಪ್ರಶ್ನೆ. ‘ಇತರೆ’ ಎಷ್ಟು ಬಂದಿವೆ ಎಂದು ಕೇಳಿದಾಗ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೂವತ್ತೇಳು. ಈ ಮೂವತ್ತೇಳೂ ಸಮಾಜಶಾಸ್ತ್ರವೆಂದು ನಾನು ವಾದಿಸುವುದಿಲ್ಲ. ಆದರೆ ಸುಮೇಧಾ ಮತ್ತು ಅವಳ ಸಹಪಾಠಿಗಳು ಮೂರು ದಿನ ನಿಮ್ಮ ಗೇಟಿನ ಹೊರಗೆ ನಿಂತು, ಬಂದವರನ್ನೆಲ್ಲ “ಏನು ಓದಬೇಕು ಅಂತಿದ್ದೀರಿ?” ಎಂದು ಕೇಳಿದರು. ಆಯ್ಕೆಗಳ ಪಟ್ಟಿ ಕೊಡಲಿಲ್ಲ. ಸಮಾಜಶಾಸ್ತ್ರ ಎಂದವರು ಹತ್ತೊಂಬತ್ತು ಮಂದಿ. ಹೆಸರು, ಸಹಿ, ಫೋನ್ ನಂಬರು ಇವೆ. ಹತ್ತೊಂಬತ್ತು ದೊಡ್ಡ ಸಂಖ್ಯೆಯಲ್ಲ. ಸೊನ್ನೆಗಿಂತ ಹತ್ತೊಂಬತ್ತು ಹೆಚ್ಚು, ಅಷ್ಟೇ. ಜನರನ್ನು ಕೇಳಿ ತಿಳಿಯುವುದೆಂಬ, ನಿಮ್ಮ ಕಚೇರಿಗೆ ಬಾರದ ಕೆಲಸವೊಂದನ್ನು ನಿಮ್ಮದೇ ಎರಡನೆಯ ಮಹಡಿಯ ಸಮಾಜಶಾಸ್ತ್ರ ವಿಭಾಗದಲ್ಲಿ ಈ ಮಕ್ಕಳಿಗೆ ಎರಡು ವರ್ಷದಿಂದ ಕಲಿಸುತ್ತಿದ್ದಾರೆ. ನೀವು ಆ ಮಹಡಿಗೆ ಬೀಗ ಹಾಕುತ್ತಿದ್ದೀರಿ.

ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೆ. ಸಹಿ ಬಿದ್ದ ಸ್ವೀಕೃತಿ ಚೀಟಿ ವಾಪಸು ಬಂತು, ಉತ್ತರ ಬರಲಿಲ್ಲ. ಆದ್ದರಿಂದ ಈಗ ಕನ್ನಡದಲ್ಲಿ, ಎಲ್ಲರ ಎದುರು ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದಿದ್ದರೆ, ‘ಇತರೆ’ ಎಂಬಲ್ಲಿ ನಿಜವಾಗಿ ಏನಿರುತ್ತದೆ ಎಂದು ಒಮ್ಮೆಯಾದರೂ ಯಾರ ಕೈಲಾದರೂ ಓದಿಸಿಕೊಂಡು ಕೇಳಿ.

ನನ್ನ ಬೇಡಿಕೆ ಹೆಚ್ಚಿಲ್ಲ. ಮುಚ್ಚುವ ತೀರ್ಮಾನಕ್ಕೆ ಒಪ್ಪಿಗೆ ಕೊಡಲು ಕಾಲೇಜು ಮಂಡಳಿ ಸೇರುವ ಮೊದಲು ಆ ಮೂವತ್ತೇಳು ಮಂದಿಗೂ ಫೋನ್ ಮಾಡಿ ಅವರಿಗೆ ಬೇಕಾದ ವಿಷಯ ಯಾವುದೆಂದು ಕೇಳಿ. ಬಂದ ಉತ್ತರವನ್ನು ಸೊನ್ನೆಯ ಪಕ್ಕದಲ್ಲಿಟ್ಟು ಮಂಡಳಿಗೆ ತೋರಿಸಿ. ಆಮೇಲೂ ಮುಚ್ಚುವುದಾದರೆ, ಒಳಗಿರುವ ಹನ್ನೊಂದು ಮಕ್ಕಳು ತಾವು ಸೇರಿದ ವಿಷಯದಲ್ಲೇ ಪದವಿ ಮುಗಿಸಲಿ.

ಆ ಹನ್ನೊಂದು ಮಂದಿಗೆ ನೀವು ಕೊಟ್ಟಿರುವ ಒಪ್ಪಿಗೆಯ ಫಾರಂನಲ್ಲಿ ಎರಡೇ ಚೌಕಗಳಿವೆ: ವರ್ಗಾವಣೆಗೆ ಒಪ್ಪಿದ್ದೇನೆ, ಟಿ.ಸಿ. ತೆಗೆದುಕೊಳ್ಳುತ್ತೇನೆ. ಹುಡುಕಿದೆ, ಈ ಒಂದು ಫಾರಂನಲ್ಲಿ ಮಾತ್ರ ‘ಇತರೆ’ ಇಲ್ಲ. ಸುಮೇಧಾ ಸ್ಕೇಲ್ ಹಿಡಿದು ಮೂರನೆಯ ಚೌಕವೊಂದನ್ನು ಎಳೆದು, ಅದರಲ್ಲಿ ಸಮಾಜಶಾಸ್ತ್ರ ಎಂದು ಪೂರ್ತಿಯಾಗಿ ಬರೆದು, ಸಹಿ ಹಾಕಿದ್ದಾಳೆ.

ಫಾರಂ ಸಲ್ಲಿಸಲು ಕೊನೆಯ ಗಡುವು ಜೂನ್ 18, ಬುಧವಾರ, ಸಂಜೆ ನಾಲ್ಕು ಗಂಟೆ. ಮಂಡಳಿಯ ಸಭೆ ಮರುದಿನ ಬೆಳಗ್ಗೆ ಹನ್ನೊಂದಕ್ಕೆ.

ಇಂತಿ,
ಚಂದ್ರಮತಿ, ಪಲ್ಲಾವರಂ
ಉದ್ಯೋಗ: ನಿವೃತ್ತಿ
ಮಾತೃಭಾಷೆ: ಇತರೆ