ಅಕ್ಕನ ಅಳತೆ

ಅಡುಗೆಮನೆಯ ಮೇಜಿನಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಅಮ್ಮನ ಮೊಣಕಾಲು ನೋವು ಹೇಗಿದೆ? ನಿನ್ನ ಮನೆಯ ಮೆಟ್ಟಿಲು ಹತ್ತಿಳಿಯಬೇಡ ಎಂದರೆ ಅವಳು ಕೇಳುವವಳಲ್ಲ, ಗೊತ್ತು. ಭಾವನ ಕೆಮ್ಮು ನಿಂತಿತೇ? ನಿನ್ನ ಮಗಳು ಈಗ ನಿನ್ನ ಭುಜಕ್ಕೆ ಬಂದಿರಬೇಕು. ನಾವು ಇಲ್ಲಿ ಚೆನ್ನಾಗಿದ್ದೇವೆ. ಹಾಗೆಂದು ಬರೆದು, ಎದ್ದು ಹೋಗಿ ಕಿಟಕಿ ಒರೆಸಿ ಬಂದೆ. ನಿನ್ನೆ ಒರೆಸಿದ ಕಿಟಕಿಯೇ. ಬೆಳಿಗ್ಗೆಯಿಂದ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗುತ್ತಿದ್ದೇನೆ, ಹಾಲು ಆಗಲೇ ಎರಡು ಸಲ ಉಕ್ಕಿತು. ನೀನಿದ್ದಿದ್ದರೆ "ಕೂತ್ಕೊಳ್ಳೇ ಒಂದ್ಕಡೆ" ಎಂದು ಗದರುತ್ತಿದ್ದೆ. ಕೂತಿದ್ದೇನೆ, ಕೇಳು.

ನಮ್ಮ ಸಮವಸ್ತ್ರದ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಕಣ್ಣು ಸಾಲದು ಎಂದು ಕೆಲಸ ಬಿಡುತ್ತಿದ್ದಾರೆ. ಒಡತಿ ಎಲ್ಲರ ಎದುರಿಗೇ ನನ್ನ ಕಡೆ ತಿರುಗಿ "ಆ ಕಟಿಂಗ್ ಮೇಜಿಗೆ ನೀವೇ ಬರ್ಬೇಕು" ಎಂದರು. ಹಿಂದೆ ಯಾರೋ ನಿಂತಿರಬೇಕೆಂದು ನಾನು ತಿರುಗಿ ನೋಡಿದೆ! ಗೋಡೆ ಬಿಟ್ಟು ಯಾರೂ ಇರಲಿಲ್ಲ. ನಮ್ಮಲ್ಲೊಂದು ಪದ್ಧತಿಯಿದೆ. ಹೊಸ ಮಾಸ್ಟರ್ ಆಗುವವರು ನೀಲಿ ಬಟ್ಟೆಯಲ್ಲಿ ತಮ್ಮ ಕೋಟನ್ನು ತಾವೇ ಕತ್ತರಿಸಿ ಹೊಲಿದು, ತೊಟ್ಟುಕೊಂಡು ಎಲ್ಲರ ಮುಂದೆ ನಿಲ್ಲಬೇಕು. ಅದೇ ಪರೀಕ್ಷೆ, ಅದೇ ಪಟ್ಟಾಭಿಷೇಕ. ಊರಿನವರಿಗೆಲ್ಲ ಕೋಟು ಕತ್ತರಿಸಿದವಳಿಗೆ ಇದೇನು ಮಹಾ ಅಂದುಕೊಂಡೆ. ಸೀಮೆಸುಣ್ಣ ಹಿಡಿದೆ, ಸರಸರ ಗೀಟು ಹಾಕಿದೆ, ಕತ್ತರಿ ಆಡಿಸಿದೆ.

ನಿನ್ನೆ ತೊಟ್ಟು ನಿಂತೆನಲ್ಲ, ಅಯ್ಯೋ ಅಕ್ಕಾ! ಭುಜ ಜೋತುಬಿದ್ದಿದೆ, ತೋಳು ಮಣಿಕಟ್ಟಿಗೂ ಬಂದಿಲ್ಲ. ಗುಂಡಿ ಹೊಲಿಯುವಾಕೆ ಬಾಯಿಗೆ ಸೆರಗು ಅಡ್ಡ ಹಿಡಿದು "ಅಲ್ಲಾ, ಇದ್ಯಾರ್ದು ತೊಟ್ಕೊಂಡ್ ಬಂದ್ರಿ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ತಂದು ಬಿಚ್ಚಿ ನೋಡಿದರೆ ಆ ಕೋಟು ಹೂಬೇಹೂಬು ನಿನ್ನ ಅಳತೆ. ವರ್ಷಾ ವರ್ಷ ನಿನಗೆ ಬಟ್ಟೆ ಹೊಲಿದು ಕಳಿಸುತ್ತೇನಲ್ಲ, ಅದೇ ಅಳತೆ. ಟೇಪು ಕೊರಳಲ್ಲೇ ನೇತಾಡುತ್ತಿತ್ತು. ನನ್ನ ಮೈಗೆ ಅದನ್ನು ಹಿಡಿಯಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಆಗಿನಿಂದ ತಲೆಯಲ್ಲಿ ನಮ್ಮ ಹಳೇ ನಡುಮನೆಯೇ ಸುತ್ತುತ್ತಿದೆ. ಅಮ್ಮ ನಿನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಳತೆ ತೆಗೆಯುತ್ತಿದ್ದಳು. ನಾನು ಸೂಜಿಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ನನ್ನ ಸರದಿ ಬರುವಷ್ಟರಲ್ಲಿ ಬೀದಿಯವರ ಬಟ್ಟೆ ರಾಶಿ ಅವಳನ್ನು ಕರೆಯುತ್ತಿತ್ತು. "ಅಕ್ಕನ ಅಳತೆಗೇ ಇರ್ಲಿ ಬಿಡು, ನಾಳೆ ನೀನೂ ಅಷ್ಟಾಗ್ತೀಯ" ಎನ್ನುತ್ತಿದ್ದಳು. ಅಮ್ಮನನ್ನು ಬೈಯುತ್ತಿಲ್ಲ ಮಾರಾಯ್ತಿ, ಮಷೀನು ತುಳಿದೇ ಅವಳ ಮೊಣಕಾಲು ಹೋದದ್ದು. ಆದರೆ ಆ ನಾಳೆ ಬರಲೇ ಇಲ್ಲ ನೋಡು. ನಿನ್ನದು ಅಗಲ ಭುಜ, ನನ್ನದು ಕಿರಿದು. ನನ್ನ ಕೈ ನಿನ್ನದಕ್ಕಿಂತ ಉದ್ದ. ಹೊಸ ಬಟ್ಟೆ ತಂದಾಗಲೂ ಇಬ್ಬರದೂ ಒಂದೇ ಅಳತೆಗೆ ಕತ್ತರಿಸುತ್ತಿದ್ದಳು. ಫ್ರಾಕು ಸರಿಯಿಲ್ಲ ಎಂದು ಒಂದು ದಿನವೂ ನನಗೆ ಅನ್ನಿಸಲಿಲ್ಲ. ನಾನೇ ಸರಿಯಿಲ್ಲ ಅಂದುಕೊಂಡೆ.

ಅಮ್ಮ ಅದಕ್ಕೂ ಉಪಾಯ ಹೇಳಿಕೊಟ್ಟಿದ್ದಳಲ್ಲ, ನೆನಪಿದೆಯಾ? "ಕೈ ಕಟ್ಕೊಂಡು ನಿಂತ್ಕೋ, ತೋಳು ಗಿಡ್ಡ ಅಂತ ಗೊತ್ತಾಗಲ್ಲ." ಹಾಗೇ ನಿಲ್ಲುತ್ತಾ ಬಂದೆ. ಶಾಲೆಯಲ್ಲಿ ಟೀಚರು "ಎಷ್ಟು ವಿನಯ ಈ ಹುಡುಗೀಗೆ" ಎಂದರು. ನೆಂಟರು "ದೊಡ್ಡವಳು ಚೂಟಿ, ಚಿಕ್ಕವಳು ಸಾಧು" ಎಂದರು. ನಾನೂ ನಂಬಿಬಿಟ್ಟೆ. ನಾನೆಲ್ಲಿ ಸಾಧು? ನನ್ನ ಕೋಪ ನಿನಗೊಬ್ಬಳಿಗೇ ಗೊತ್ತು, ಬಾಚಣಿಗೆ ಎಸೆದದ್ದು ನಿನ್ನ ಹಣೆಗೇ ತಾನೇ! ನಿನ್ನೆ ಒಡತಿಯ ಮುಂದೆಯೂ ಕೈ ಕಟ್ಟಿಕೊಂಡೇ ನಿಂತಿದ್ದೆ. ಅವರು ನಗಲಿಲ್ಲ. "ಸೋಮವಾರ ಇನ್ನೊಂದು ಕತ್ತರಿಸಿ. ಬೇಡ ಅನ್ಸಿದ್ರೆ ಹೇಳ್ಬಿಡಿ, ಬೇರೆಯವ್ರನ್ನ ನೋಡ್ತೀನಿ" ಎಂದರು. "ಅವರಿಗೇ ಕೊಡಿ" ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಹೇಗೋ ನುಂಗಿಕೊಂಡು ಬಂದೆ. ಆ ಕೆಲಸ ನನಗೆ ಬೇಕು ಅಕ್ಕಾ. ತುಂಬಾ ಬೇಕು. ಹೀಗೆ ಬರೆಯುವಾಗಲೂ ಯಾರೋ ಬೈಯುತ್ತಾರೇನೋ ಎಂದು ಬಾಗಿಲ ಕಡೆ ನೋಡಿದೆ.

ಬಾಗಿಲಲ್ಲಿ ನನ್ನ ಮಗಳು ನಿಂತಿದ್ದಳು. ಗೆಳತಿಯ ಮನೆಗೆ ಹೊರಟಿದ್ದಾಳೆ, ನೀನು ಕಳಿಸಿದ ನಿನ್ನ ಮಗಳ ಹಳೇ ಹಸಿರು ಫ್ರಾಕು ಹಾಕಿಕೊಂಡಿದ್ದಾಳೆ, ತೋಳು ಅವಳಿಗೆ ಗಿಡ್ಡ. ಎರಡೂ ಕೈ ಎದೆಗೆ ಕಟ್ಟಿಕೊಂಡಿದ್ದಾಳೆ. ಯಾಕೆ ಹಾಗೆ ನಿಂತಿದ್ದೀಯೇ ಎಂದರೆ "ಹಿಂಗ್ ನಿಂತ್ರೆ ಗೊತ್ತಾಗಲ್ಲಮ್ಮ" ಎಂದಳು. ನಾನು ಹೇಳಿಕೊಟ್ಟದ್ದಲ್ಲ, ದೇವರಾಣೆ. ನನ್ನನ್ನು ನೋಡಿ ಕಲಿತಿದ್ದಾಳೆ. ಅವಳ ತಲೆ ಸವರಿ, ಬಂದು ಮತ್ತೆ ಪೆನ್ನು ಹಿಡಿದಿದ್ದೇನೆ.

ಇನ್ನು ಸಾಕು, ತಲೆ ತಿಂದೆ. ಅಮ್ಮನಿಗೆ ಬಿಸಿನೀರಿನ ಶಾಖ ಕೊಡು, ಅವಳು ಬೇಡವೆಂದರೂ ಕೊಡು. ಭಾವನಿಗೆ ನನ್ನ ನಮಸ್ಕಾರ, ನಿನ್ನ ಹುಡುಗಿಗೆ ಕೆನ್ನೆ ಹಿಂಡಿ ಒಂದು ಮುತ್ತು. ನಿನ್ನ ಹಣೆಯ ಮೇಲೆ ಬಾಚಣಿಗೆಯ ಗುರುತು ಇದ್ದರೆ ಅದನ್ನೂ ಒಂದು ಸಲ ಸವರಿಕೋ.

ನಿನ್ನ ತಂಗಿ,
ಚಿಕ್ಕಿ

ಮರೆತಿದ್ದೆ: ಲಕೋಟೆ ಅಂಟಿಸುವಾಗ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಈ ಸಲ ನಿನ್ನ ಮಗಳ ಹಳೇ ಬಟ್ಟೆಯ ಗಂಟು ಕಳಿಸಬೇಡ. ಸಿಟ್ಟಲ್ಲ ಅಕ್ಕಾ. ನೀನು ಎಷ್ಟು ಪ್ರೀತಿಯಿಂದ ಇಸ್ತ್ರಿ ಮಾಡಿ ಕಟ್ಟುತ್ತೀಯೋ ನನಗೆ ಗೊತ್ತು, ಅದಕ್ಕೇ ಈ ಮಾತು ಬರೆಯಲು ಬೆಳಿಗ್ಗೆಯಿಂದ ಒದ್ದಾಡಿದ್ದು. ಗೆಳತಿಯ ಮನೆಯಿಂದ ಬಂದ ಹುಡುಗಿಯನ್ನು ಈಗಷ್ಟೇ ಸ್ಟೂಲಿನ ಮೇಲೆ ನಿಲ್ಲಿಸಿ ಅಳತೆ ತೆಗೆದೆ. ಕಚಗುಳಿಯಾಗುತ್ತದೆಂದು ಕುಣಿದಾಡಿದಳು. ಆಮೇಲೆ ಟೇಪು ಕಿತ್ತುಕೊಂಡು "ಈಗ ನಿಂದು" ಎಂದಳು. ನಾಳೆ ಕೋಟು ಕತ್ತರಿಸುತ್ತೇನೆ. ಅಮ್ಮನಿಗೆ ಈ ಪತ್ರವನ್ನೆಲ್ಲ ಓದಬೇಡ, ನೊಂದುಕೊಂಡಾಳು. ಇಷ್ಟು ಮಾತ್ರ ಹೇಳು, ಅವಳಿಗೆ ಅರ್ಥವಾಗುತ್ತದೆ: ಚಿಕ್ಕಿಯ ಭುಜ ಹದಿನಾಲ್ಕು, ತೋಳು ಇಪ್ಪತ್ತಮೂರೂವರೆ.