ಲುಸಿಂಡಾಳ ತವರು ಯಾವುದು?

ಸಿಡ್ನಿಯ ಹಳೆಯ ದಾಖಲೆಗಳ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಸತ್ತು ನೂರು ವರ್ಷ ದಾಟಿದ ಹೆಂಗಸೊಬ್ಬಳ ತವರಿನ ಹೆಸರನ್ನು ನೀವು ಬೀಗ ಹಾಕಿ ಇಟ್ಟಿದ್ದೀರಿ. ಅದನ್ನು ಕೇಳಿದ ನನ್ನನ್ನು ಸುಳ್ಳುಗಾತಿ ಎಂದು ಬರೆದುಕೊಂಡಿದ್ದೀರಿ. ನಾನು ಓದಿದ್ದು ಐದನೇ ತರಗತಿ. ಕೌಂಟರಿನ ಮುಂದೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ನಾಲ್ಕು ಜನ ಓದುವಂತೆ ಈ ಕನ್ನಡ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಡೋರೀನ್ ಎಂಬ ಎಂಬತ್ತೊಂಬತ್ತು ವರ್ಷದವರನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅಷ್ಟು ಹಿರಿಯರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ ಅಜ್ಜಿ ಎಂದೆ. ಅರ್ಥ ಕೇಳಿ ತಿಳಿದುಕೊಂಡು ಅವರು ನನ್ನನ್ನು ಮೊಮ್ಮಗಳು ಎಂದರು. ಅವರಿಗೆ ಮಕ್ಕಳಾಗಲಿ ಬೇರೆ ಬಂಧುಗಳಾಗಲಿ ಇರಲಿಲ್ಲ.

ಅವರ ಮುತ್ತಜ್ಜಿ ಲುಸಿಂಡಾ ಅಮೆರಿಕದವಳು. ಪಶ್ಚಿಮಕ್ಕೆ ವಲಸೆ ಹೊರಟಾಗ ಎತ್ತುಗಳಿಗೆ ಭಾರವಾಗಬಾರದೆಂದು ಬಂಡಿಯ ಪಕ್ಕದಲ್ಲೇ ತಿಂಗಳುಗಟ್ಟಲೆ ನಡೆದು ಕ್ಯಾಲಿಫೋರ್ನಿಯಾ ಸೇರಿದಳಂತೆ. ಗಂಡನನ್ನು ದಾರಿಯಲ್ಲೇ ಮಣ್ಣು ಮಾಡಿದಳು. ಹಡಗು ಹತ್ತಿ ಸಿಡ್ನಿಗೆ ಬಂದು ಮರುಮದುವೆಯಾಗಿ, ಮೆಲ್ಬರ್ನಿನಾಚೆಯ ಚಿನ್ನದ ಗಣಿಗಳಲ್ಲಿ ರೊಟ್ಟಿ ಸುಟ್ಟು ಮಾರಿ ಮಕ್ಕಳನ್ನು ಸಾಕಿದಳು. ಎಲ್ಲ ಕಾಗದಗಳಲ್ಲೂ ಅವಳು ಯಾರದೋ ಹೆಂಡತಿ. ತಂದೆತಾಯಿ ಯಾರು, ಊರು ಯಾವುದು, ಎಲ್ಲಿಯೂ ಇಲ್ಲ. ಅದಿರುವುದು ನಿಮ್ಮಲ್ಲಿರುವ ಮದುವೆ ನೋಂದಣಿ ಪುಸ್ತಕದಲ್ಲಿ ಮಾತ್ರ.

"ನಾನು ಹೋಗುವುದರೊಳಗೆ ಅವಳು ಯಾರ ಮಗಳು ಅಂತ ಹುಡುಕಿಕೊಡು. ನನ್ನ ಸಮಾಧಿ ಕಲ್ಲಿನ ಮೇಲೆ ನಮ್ಮಿಬ್ಬರ ಹೆಸರೂ ಇರಲಿ" ಎಂದಿದ್ದರು ಅಜ್ಜಿ.

ಸಿಡ್ನಿಯ ಎಪ್ಪಿಂಗಿನಲ್ಲಿ ನನ್ನ ನೆಂಟರ ಮನೆಯಲ್ಲಿ ಉಳಿದು ನಿಮ್ಮ ಕಚೇರಿಗೆ ಬಂದೆ. ಫಾರ್ಮಿನಲ್ಲಿ 'ಸಂಬಂಧ' ಎಂಬಲ್ಲಿ ಡೋರೀನರ ಮೊಮ್ಮಗಳು ಎಂದು ಬರೆದೆ. ಕೌಂಟರಿನಲ್ಲಿದ್ದವರು ನಮ್ಮ ಕಡೆಯವರೇ.

"ಅಕ್ಕಾ, ಗ್ರಾಂಡ್‌ಡಾಟರ್ ಅಂತ ಹಾಕಿದೀರಲ್ಲ, ಪ್ರೂಫ್ ಎಲ್ಲಿ?"

"ಅಜ್ಜಿ ಅಂತಾನೇ ಕರೆಯೋದು ಸರ್."

"ಅಯ್ಯೋ, ಕರೆಯೋದು ಬೇರೆ ಅಕ್ಕಾ! ಸಿಸ್ಟಮ್‌ಗೆ ಅದೆಲ್ಲ ಗೊತ್ತಾಗಲ್ಲ."

ನನ್ನನ್ನು ಅಕ್ಕ ಎನ್ನಲು ಅವರಿಗೆ ಯಾವ ಪುರಾವೆಯೂ ಬೇಕಾಗಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಸುಳ್ಳು ಮಾಹಿತಿ ಎಂದು ಷರಾ ಬರೆದು, ಆ ದಾಖಲೆಗೆ ಆರು ತಿಂಗಳು ಯಾರೂ ಅರ್ಜಿ ಹಾಕದಂತೆ ಮಾಡಿದ್ದು ನಿಮ್ಮ ಸಹಿ. ಲುಸಿಂಡಾ ಬಂದು ತಕರಾರು ಮಾಡಿಯಾಳು ಎಂದು ಹೆದರಿದಿರಾ? ನಾಲ್ಕನೇ ತಿಂಗಳಲ್ಲಿ ಅಜ್ಜಿ ತೀರಿಕೊಂಡರು. ಹಿಂದಿನ ದಿನವೂ "ಸಿಡ್ನಿಯಿಂದ ಏನಾದರೂ ಬಂತಾ?" ಎಂದು ಕೇಳಿದ್ದರು. ಬರುತ್ತದೆ ಅಜ್ಜಿ ಎಂದೆ. ನಾನು ಹೇಳಿದ ಸುಳ್ಳು ಅದೊಂದೇ.

ಆರು ತಿಂಗಳು ಕಳೆದ ಮೇಲೆ ಮತ್ತೆ ಬರೆದೆ. ರಕ್ತಸಂಬಂಧಿಗಳು ಮಾತ್ರ ಕೇಳಬಹುದು ಎಂದು ಉತ್ತರಿಸಿದಿರಿ. ಕೊನೆಯವರನ್ನು ನಾವು ಮಣ್ಣಿಗಿಟ್ಟು ಬಂದಿದ್ದೇವೆ, ಸ್ವಾಮಿ. ಇನ್ನು ಯಾರು ಕೇಳಬೇಕು?

ಆ ಪುಸ್ತಕವನ್ನು ತೆರೆಯಿರಿ. ಪ್ರತಿ ಬೇಡ, ಮುದ್ರೆ ಬೇಡ. ಅವಳು ಯಾರ ಮಗಳು, ಯಾವ ಊರಿನವಳು ಎಂದು ಒಂದು ಚೀಟಿಯಲ್ಲಿ ಬರೆದು ಕಳಿಸಿ. ಕಲ್ಲು ಕೆತ್ತುವವನಿಗೆ ಹೇಳಿ ಅಜ್ಜಿಯ ಹೆಸರಿನ ಮೇಲೆ ಒಂದು ಸಾಲು ಖಾಲಿ ಬಿಡಿಸಿದ್ದೇನೆ.

ಇಂತಿ,
ನಿಮ್ಮ ಕಡತದ ಪ್ರಕಾರ ಯಾರಿಗೂ ಏನೂ ಆಗದ
ಸಂಧ್ಯಾರಾಣಿ
ಟ್ರುಗನಿನಾ, ಮೆಲ್ಬರ್ನ್