ನೀರು ತರುತ್ತಿದ್ದವಳ ಹೆಸರು

ಮಧುಗಿರಿ,
೧೪ ಅಕ್ಟೋಬರ್ ೨೦೨೫, ಮಂಗಳವಾರ

ಪ್ರೀತಿಯ ತಂಗಿ ಸುನಿತಾಳಿಗೆ, ನಿನ್ನ ಅಕ್ಕ ಗಂಗರತ್ನಳ ಆಶೀರ್ವಾದಗಳು.

ಕಿವಿನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಸುಡಾನಿನಲ್ಲಿ ಈಗ ಸೆಕೆಯೋ ಚಳಿಯೋ ನಮಗೆ ತಿಳಿಯದು. ಅಮ್ಮನ ಮಂಡಿನೋವು ಹಾಗೇ ಇದೆ. ನಿನ್ನ ಭಾವ ತೀರಿಹೋಗಿ ಏಳು ತಿಂಗಳಾಯಿತು, ನನಗಿನ್ನೂ ಅಳು ಬಂದಿಲ್ಲ. ಕೆಲಸ ಮಾಡುತ್ತೇನೆ, ಉಣ್ಣುತ್ತೇನೆ, ದಿನಚರಿಯಲ್ಲಿ ಎರಡು ಸಾಲು ಬರೆದು ಮಲಗುತ್ತೇನೆ. ಈ ಕಾಗದದ ಫೋಟೊ ತೆಗೆದು ಕಳಿಸುತ್ತೇನೆ, ನನ್ನ ಅಕ್ಷರ ನೋಡಬೇಕು ಎಂದಿದ್ದೆಯಲ್ಲ.

ನಿಮ್ಮ ಆಸ್ಪತ್ರೆಯ ಮೇಲೆ ಬಾಂಬು ಬಿದ್ದ ಸುದ್ದಿ ಕೇಳಿ ನಾಲ್ಕು ದಿನ ನಮಗೆ ಏನೂ ತೋಚಲಿಲ್ಲ. ಶನಿವಾರ ‘ಅಕ್ಕಾ, ಬದುಕಿದ್ದೇನೆ’ ಎಂದು ನಿನ್ನ ಮೆಸೇಜ್ ಬಂತು. ಮರುದಿನ ಅಮ್ಮ ಬೆಳಗಿನ ಜಾವವೇ ಎದ್ದು ಚರ್ಚಿನಲ್ಲಿ ಹಂಚಲು ಪಾತ್ರೆ ತುಂಬ ಕೇಸರಿಬಾತ್ ಮಾಡಿದಳು. ಭಾನುವಾರ ಸಭೆಯಲ್ಲಿ ಯುವರಾಜ್ ಅಯ್ಯನವರು ನಿನ್ನ ಹೆಸರು ಹೇಳಿ ದೇವರಿಗೆ ಸ್ತೋತ್ರ ಮಾಡಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ದ್ರಾಕ್ಷಿ ಕಮ್ಮಿಯಾಯ್ತು ಕಣಮ್ಮ ಎಂದು ಆಡಿಕೊಂಡ ವರಲಕ್ಷ್ಮಿ ಎರಡು ಸಲ ಹಾಕಿಸಿಕೊಂಡಳು. ನಾನೂ ತಿಂದೆ.

ನಿನ್ನ ಎರಡನೆಯ ಮೆಸೇಜ್ ಬಂದದ್ದು ಸಭೆಯಿಂದ ವಾಪಸು ಬರುವಾಗ, ಪಾವಗಡದ ಬಸ್ಸಿನಲ್ಲಿ. ಹನ್ನೊಂದು ಜನ ಹೋದರು, ನಿನ್ನ ವಾರ್ಡಿಗೆ ನೀರು ತರುತ್ತಿದ್ದ ಹೆಂಗಸೂ ಹೋದಳು, ಈಗ ತಾನೇ ಮಣ್ಣು ಮಾಡಿ ಬಂದೆವು ಎಂದು ಬರೆದಿದ್ದೆ. ಗಟ್ಟಿಯಾಗಿ ಓದಿದೆ. ಅಮ್ಮ ಮಡಿಲಲ್ಲಿದ್ದ ಖಾಲಿ ಪಾತ್ರೆಯನ್ನು ಸೀಟಿನ ಕೆಳಕ್ಕೆ ತಳ್ಳಿದಳು. ನಮ್ಮೂರಲ್ಲಿ ಇಳಿದ ಮೇಲೆ ಹೇಳಿದಳು: “ಅವರು ಮಣ್ ಮಾಡೋ ಹೊತ್ಗೆ ನಾನು ಸಿಹಿ ಹಂಚ್ಬುಟ್ಟೆ ಕಣೇ. ಅವಳಿಗೂ ಒಬ್ಳು ತಾಯಿ ಇರ್ತಾಳೆ.”

ಎಸರಿಗೆ ಹಿಟ್ಟು ಹಾಕುವ ಮುಂಚೆ ಹಸಿದವರಿಗೆಂದು ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಹಿಡಿ ಸಭೆಯ ಡಬ್ಬಿಗೆ ತೆಗೆದಿಡುತ್ತೇವಲ್ಲ, ನೀನು ಹೋದ ಮೇಲೂ ನಿನ್ನ ಹಿಡಿ ನಿಂತಿಲ್ಲ. ಭಾವನದನ್ನು ನಾನು ನಿಲ್ಲಿಸಿದ್ದೆ, ಬದುಕಿರುವವರ ಹೆಸರಲ್ಲಷ್ಟೇ ತೆಗೆಯುವುದು ಪದ್ಧತಿ. ನಿನ್ನೆ ಅಮ್ಮ ನಮ್ಮ ಮೂವರದು ಹಾಕಿ, ಇನ್ನೊಂದು ಹಿಡಿ ಹಾಕಿದಳು. ಯಾರದೆಂದು ನಾನು ಕೇಳಲಿಲ್ಲ. ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಭಾವನದನ್ನು ನಾನು ಹಾಕಿದೆ.

ಅಯ್ಯನವರೂ ವರಲಕ್ಷ್ಮಿಯೂ ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನನ್ನೂ ಅಲ್ಲಿ ಉಳಿದವರನ್ನೂ ಕಾಯಲಿ.

ಇಂತಿ ನಿನ್ನ ಅಕ್ಕ,
ಗಂಗರತ್ನ

ಮರೆತೆ: ಕೆಲಸ ಬಿಟ್ಟು ಬಂದ್ಬುಡು ಅಂತ ಬರಿ ಎಂದು ಭಾನುವಾರ ಬೆಳಿಗ್ಗೆ ಅಮ್ಮ ಹೇಳಿದ್ದಳು. ನೀನು ಬರಬೇಕೆಂದು ನನಗೂ ಇದೆ. ಈಗ ಬರೆಯಲೇ ಎಂದು ಕೇಳಿದರೆ, “ಅದಿರ್ಲಿ, ಮೊದ್ಲು ಆ ಹೆಂಗಸಿನ ಹೆಸರು ಕೇಳು” ಎಂದಳು. ನವೆಂಬರ್ ಎರಡಕ್ಕೆ ಸಭೆಯಲ್ಲಿ ತೀರಿಹೋದವರ ಹೆಸರು ಓದುತ್ತಾರೆ. ನಮ್ಮ ಸಭೆಯವರದಷ್ಟೇ ಓದುವುದು, ಅವಳು ಬೇರೆ ಧರ್ಮದವಳಿರಬೇಕು ಎಂದು ಅಯ್ಯನವರು ಫೋನಿನಲ್ಲಿ ಅನುಮಾನಿಸಿದರು. “ಹೆಸರು ಬರ್ಲಿ ಅಯ್ನೋರೆ, ನಾನೇ ಎದ್ದು ಓದ್ತೀನಿ” ಎಂದಳು ಅಮ್ಮ. ಆ ದಿನ ಓದಲು ಕೊಡುವ ಚೀಟಿಯಲ್ಲಿ ಭಾವನ ಹೆಸರಿನ ಕೆಳಗೆ ಒಂದು ಸಾಲು ಬಿಟ್ಟಿದ್ದೇನೆ. ಬೇಗ ಬರೆ.